ಅಂಗನವಾಡಿ ಊಟಕ್ಕೆ ಹೆಂಗಸರು ಯಾಕೆ ಬಂದರು, ಯಾಕೆ ಉಳಿದರು?

2017ರ ಅಕ್ಟೋಬರ್ 2ರಂದು ನಮ್ಮ ರಾಜ್ಯದ ಅಂಗನವಾಡಿಗಳಲ್ಲಿ ಬಸುರಿಯರಿಗೆ, ಬಾಣಂತಿಯರಿಗೆ ಮಧ್ಯಾಹ್ನದ ಬಿಸಿಯೂಟ ಶುರುವಾಯಿತು. ಯೋಜನೆಯ ಹೆಸರು ಮಾತೃಪೂರ್ಣ. ಅನ್ನ, ಸಾಂಬಾರು, ಪಲ್ಯ, ಮೊಟ್ಟೆ, ಒಂದು ಲೋಟ ಹಾಲು, ಶೇಂಗಾ ಚಿಕ್ಕಿ. ತಿಂಗಳಿಗೆ 25 ದಿನ. ಕಾಸು ಕೊಡಬೇಕಾಗಿಲ್ಲ, ಸಾಲು ನಿಲ್ಲಬೇಕಾಗಿಲ್ಲ. ಆದರೂ ಎಷ್ಟೋ ಊರುಗಳಲ್ಲಿ ಪಟ್ಟಿಯಲ್ಲಿ ಇದ್ದಷ್ಟು ಹೆಸರು ಊಟದ ಹೊತ್ತಿಗೆ ಚಾಪೆಯ ಮೇಲೆ ಇರಲಿಲ್ಲ. ಕೆಲವು ಊರುಗಳಲ್ಲಿ ಮೊದಲ ವಾರ ತುಂಬಿದ್ದ ಚಾಪೆ ಮೂರನೇ ತಿಂಗಳಿಗೆ ಅರ್ಧ ಖಾಲಿ. ಇನ್ನು ಕೆಲವು ಕಡೆ ಬಂದವರು ಹೆರಿಗೆಯಾಗುವವರೆಗೂ ಬಿಡಲಿಲ್ಲ.

ಯಾಕೆ ಬರಲ್ಲ ಅಂತ ಕೇಳಿದರೆ ಕಚೇರಿಗಳಲ್ಲಿ ಸಿದ್ಧವಾಗಿರುವ ಉತ್ತರ ಒಂದೇ: "ಅರಿವಿಲ್ಲ, ತಿಳಿವಳಿಕೆ ಕೊಡಬೇಕು." ಈ ಮಾತನ್ನು ನಾವು ಒಪ್ಪುವುದಿಲ್ಲ. ಊರಿನ ಹೆಂಗಸರಿಗೆ ತಮ್ಮ ಹೊಟ್ಟೆ, ತಮ್ಮ ಮಗು, ತಮ್ಮ ಮನೆ ಯಾರಿಗಿಂತಲೂ ಚೆನ್ನಾಗಿ ಗೊತ್ತು. ಅವರು ಬಾರದಿದ್ದರೆ ಅದಕ್ಕೊಂದು ಲೆಕ್ಕ ಇರುತ್ತದೆ, ಬಂದರೂ ಒಂದು ಲೆಕ್ಕ ಇರುತ್ತದೆ. ಆ ಲೆಕ್ಕ ಏನು ಅಂತ ತಿಳಿಯಲು ಅರವತ್ತು ವರ್ಷ ಹಿಂದಕ್ಕೆ ಹೋಗಬೇಕು.

ಅಜ್ಜ ಅಜ್ಜಿಯರನ್ನು ಕೇಳಿ ನೋಡಿ, ಶಾಲೆಯಲ್ಲಿ ತಿಂದ ಉಪ್ಪಿಟ್ಟಿನ ನೆನಪು ಹೇಳುತ್ತಾರೆ. ಅಮೆರಿಕದಿಂದ ಬಂದ ಗೋಧಿ ನುಚ್ಚು, ಹಾಲಿನ ಪುಡಿ, ಡಬ್ಬದ ಎಣ್ಣೆ, ಕೇರ್ ಎಂಬ ಸಂಸ್ಥೆಯ ಹೆಸರು. ಅದೇ ಕಾಲದಲ್ಲಿ, ಅಂದರೆ 1960ರ ದಶಕದಲ್ಲಿ, ಯೂನಿಸೆಫ್ ಮತ್ತಿತರ ವಿಶ್ವಸಂಸ್ಥೆಯ ಅಂಗಸಂಸ್ಥೆಗಳ ನೆರವಿನಿಂದ ಅನ್ವಯಿಕ ಪೌಷ್ಟಿಕ ಕಾರ್ಯಕ್ರಮ ಅಂತ ಒಂದು ಬಂತು. ಊರಿನ ಮಹಿಳಾ ಮಂಡಳಿಗಳನ್ನು ಮುಂದಿಟ್ಟುಕೊಂಡು ಕೈತೋಟ ಮಾಡಿಸುವುದು, ಕೋಳಿ ಸಾಕಿಸುವುದು, ಕೆರೆಯಲ್ಲಿ ಮೀನು ಬಿಡುವುದು. ಉದ್ದೇಶ ಒಳ್ಳೆಯದೇ. ಹಿತ್ತಲಲ್ಲಿ ಬೆಳೆದದ್ದನ್ನು ಮಕ್ಕಳು, ತಾಯಂದಿರು ತಿನ್ನಲಿ ಅಂತ. ಆದರೆ ಬಡವರ ಮನೆಯಲ್ಲಿ ಮೊಟ್ಟೆ ಅಂದರೆ ಸಂತೆಯ ದುಡ್ಡು. ಅದನ್ನು ಮಾರಿದರೆ ಉಪ್ಪು, ಎಣ್ಣೆ, ಸೋಪು ಬರುತ್ತದೆ. ಅದನ್ನು ಕುದಿಸಿ ತಾನೇ ತಿನ್ನು ಅಂದರೆ ಯಾವ ಸೊಸೆ ತಿಂದಾಳು? ಅತ್ತೆಯ ಎದುರಿಗೆ, ಗಂಡನ ತಟ್ಟೆಗಿಂತ ಮೊದಲು? ಮಂಡಳಿಯ ಸದಸ್ಯೆಯರೂ ಬಹಳ ಕಡೆ ಊರಿನ ಅನುಕೂಲಸ್ಥ ಮನೆಯವರೇ. ಕೂಲಿಗೆ ಹೋಗುವವರಿಗೆ ಮಧ್ಯಾಹ್ನದ ಸಭೆಗೆ ಬರುವ ಪುರುಸೊತ್ತು ಎಲ್ಲಿತ್ತು?

ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐ ಕೂಡ ಕೈಕಟ್ಟಿ ಕೂತಿರಲಿಲ್ಲ. ಶೇಂಗಾ ಹಿಂಡಿಯ ಹಿಟ್ಟು ಮುಕ್ಕಾಲು, ಕಡಲೆ ಹಿಟ್ಟು ಕಾಲು ಭಾಗ ಸೇರಿಸಿ ಅಗ್ಗದ ಪ್ರೋಟೀನ್ ಆಹಾರವೊಂದನ್ನು ಅದು ರೂಪಿಸಿತು. ವಿಜ್ಞಾನದ ಲೆಕ್ಕದಲ್ಲಿ ಅದು ಸರಿಯಾಗಿಯೇ ಇತ್ತು. ಆದರೆ ರೊಟ್ಟಿ, ಮುದ್ದೆ, ಸಾರಿನ ಜಾಗದಲ್ಲಿ ಒಂದು ಪುಡಿಯನ್ನು ಕೂರಿಸುವುದು ಎಷ್ಟು ಕಷ್ಟ ಅನ್ನುವುದು ಅಡುಗೆ ಮನೆಯಲ್ಲಿ ಕೆಲಸ ಮಾಡಿದವರಿಗೇ ಗೊತ್ತು.

1970ರ ಹೊತ್ತಿಗೆ ದಿಲ್ಲಿಯ ಸರ್ಕಾರ ವಿಶೇಷ ಪೌಷ್ಟಿಕ ಕಾರ್ಯಕ್ರಮ ಶುರು ಮಾಡಿತು. ನಗರದ ಕೊಳೆಗೇರಿಗಳಲ್ಲಿ, ಆದಿವಾಸಿ ಪ್ರದೇಶಗಳಲ್ಲಿ ಆರು ವರ್ಷದೊಳಗಿನ ಮಗುವಿಗೆ ದಿನಕ್ಕೆ 300 ಕ್ಯಾಲೊರಿ, ತಾಯಿಗೆ 500 ಕ್ಯಾಲೊರಿ, ವರ್ಷಕ್ಕೆ 300 ದಿನ. ಆಮೇಲೆ ಬಂದದ್ದು ನಾವೆಲ್ಲ ಬಲ್ಲ ಅಂಗನವಾಡಿ. 1975ರ ಅಕ್ಟೋಬರ್ 2ರಂದು ದೇಶದಲ್ಲಿ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾಯಿತು. ಅದರಲ್ಲಿ ಒಂದು ನಮ್ಮ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಕಾವೇರಿ, ಕಪಿಲೆ ಕೂಡುವ ತಾಲೂಕಿನಲ್ಲಿ 100 ಅಂಗನವಾಡಿಗಳು. ರಾಜ್ಯಕ್ಕೆಲ್ಲ ಆಗ ಇದ್ದದ್ದು ಅಷ್ಟೇ.

ಆ ಕಾಲದ ಅಂಗನವಾಡಿ ಕಾರ್ಯಕರ್ತೆಗೆ ಮೆಟ್ರಿಕ್ ಓದಿದ್ದರೆ ತಿಂಗಳಿಗೆ 150 ರೂಪಾಯಿ, ಓದಿರದಿದ್ದರೆ 100. ಸಹಾಯಕಿಗೆ 35 ರೂಪಾಯಿ. ಇದಕ್ಕೆ ಸಂಬಳ ಅನ್ನುವಂತಿರಲಿಲ್ಲ, ಗೌರವಧನ ಅನ್ನಬೇಕಿತ್ತು. ಇಂದಿಗೂ ಹಾಗೇ ಅನ್ನುತ್ತಾರೆ. ಇದನ್ನು ಇಲ್ಲಿ ಹೇಳುವುದಕ್ಕೆ ಕಾರಣವಿದೆ. ಹೆಂಗಸರು ಬರುವುದು ಯೋಜನೆಯನ್ನು ನೋಡಿ ಅಲ್ಲ, ಬಾಗಿಲಲ್ಲಿ ನಿಂತವಳ ಮುಖ ನೋಡಿ. ಆ ಮುಖ ತನ್ನ ಓಣಿಯದ್ದೇ, ತನ್ನ ಮಗುವಿನ ಹೆಸರು ಹಿಡಿದು ಕೂಗುವಂಥದ್ದೇ ಆಗಿದ್ದರೆ ಮೊದಲ ಹೆಜ್ಜೆ ಸುಲಭ.

ಮೊದಮೊದಲು ತಾಯಂದಿರನ್ನು ಅಂಗನವಾಡಿಗೆ ಎಳೆದದ್ದು ತಮ್ಮ ಪಾಲಿನ ಆಹಾರವಲ್ಲ. ಮೂರು ವರ್ಷದ ಮಗುವನ್ನು ಬೆಳಿಗ್ಗೆ ಬಿಟ್ಟು ಹೊಲಕ್ಕೆ ಹೋಗಬಹುದು ಅನ್ನುವ ನಿರಾಳ. ಸಹಾಯಕಿ ಮನೆಗೇ ಬಂದು ಮಗುವನ್ನು ಎತ್ತಿಕೊಂಡು ಹೋಗುತ್ತಿದ್ದಳು. ಮಗು ಅಲ್ಲಿ ತಿಂದು, ಎರಡು ಹಾಡು ಕಲಿತು ಬರುತ್ತಿತ್ತು. ಆದರೆ ತನ್ನ ಪಾಲಿನ 500 ಕ್ಯಾಲೊರಿ ತಿನ್ನಲು ತುಂಬಿದ ಬಸುರಿ ಅಲ್ಲಿಗೆ ಬಂದು ಕೂರುವುದು ಬೇರೆ ಮಾತು. ಅದಕ್ಕೆ ಅಡ್ಡ ನಿಂತದ್ದು ಏನು ಅಂತ ನಮ್ಮ ಕರಾವಳಿಯಲ್ಲೇ ಇಬ್ಬರು ಕೂತು ಕೇಳಿಸಿಕೊಂಡರು.

ಮಾರ್ಕ್ ನಿಕ್ಟರ್ ಮತ್ತು ಮಿಮಿ ನಿಕ್ಟರ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞರು 1970ರ ದಶಕದಲ್ಲಿ ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ಇದ್ದರು. ಬಸುರಿಯರ ಊಟದ ಬಗ್ಗೆ ಅವರು ಬರೆದ ಪ್ರಬಂಧ 1983ರಲ್ಲಿ ಪ್ರಕಟವಾಯಿತು. ಆರೋಗ್ಯ ಇಲಾಖೆಯವರು "ಚೆನ್ನಾಗಿ ತಿನ್ನಿ, ಮಗು ದಪ್ಪವಾಗಿ ಹುಟ್ಟುತ್ತದೆ" ಅಂತ ಊರೂರಿಗೆ ಹೇಳುತ್ತಿದ್ದರಲ್ಲ, ಕೇಳುತ್ತಿದ್ದ ಹಲವು ಹೆಂಗಸರಿಗೆ ದಪ್ಪ ಮಗುವೇ ಬೇಕಿರಲಿಲ್ಲ! ಮಗು ಸಣ್ಣದಿದ್ದರೆ ಹೆರಿಗೆ ಸಲೀಸು. ಹೊಟ್ಟೆಯಲ್ಲಿ ಇರುವ ಜಾಗ ಒಂದೇ, ಅದರಲ್ಲೇ ಅನ್ನವೂ ಇರಬೇಕು, ಮಗುವೂ ಇರಬೇಕು. ಹೆಚ್ಚು ಉಂಡರೆ ಮಗುವಿಗೆ ಜಾಗ ಸಾಲದು. ಕಬ್ಬಿಣದ ಮಾತ್ರೆಯ ಬಗ್ಗೆಯೂ ಇಂಥದ್ದೇ ಅನುಮಾನಗಳು: ಉಷ್ಣ, ಜೀರ್ಣವಾಗದು, ಮಗುವನ್ನು ಬೆಳೆಸಿಬಿಡುತ್ತದೆ.

ಇದನ್ನು ಮೂಢನಂಬಿಕೆ ಅಂತ ತಳ್ಳಿಹಾಕುವುದು ಸುಲಭ. ಆದರೆ ಆ ಕಾಲದ ಹಳ್ಳಿಯನ್ನು ನೆನೆಸಿಕೊಳ್ಳಿ. ಹೆರಿಗೆ ಮನೆಯ ಮೂಲೆಯಲ್ಲಿ, ಸೂಲಗಿತ್ತಿಯ ಕೈಯಲ್ಲಿ. ಮಗು ಅಡ್ಡ ಸಿಕ್ಕಿಕೊಂಡರೆ ಎತ್ತಿನ ಗಾಡಿ, ಆಮೇಲೆ ಬಸ್ಸು, ಆಮೇಲೆ ದೇವರು. ಸಿಸೇರಿಯನ್ ಮಾಡುವ ಆಸ್ಪತ್ರೆ ತಲುಪುವುದರೊಳಗೆ ಎರಡು ಜೀವ ಹೋಗಬಹುದು. ಅಂಥ ಕಡೆ ಸಣ್ಣ ಮಗು ಬೇಕು ಅಂದುಕೊಳ್ಳುವುದು ಹೆದರಿಕೆಯ ಲೆಕ್ಕ, ಆದರೆ ಲೆಕ್ಕವೇ. ಕಡಿಮೆ ತೂಕದ ಮಗು ಬದುಕಿ ಉಳಿಯುವುದು ಕಷ್ಟ, ರಕ್ತ ಕಡಿಮೆ ಇರುವ ತಾಯಿಗೆ ಹೆರಿಗೆಯಲ್ಲಿ ಅಪಾಯ ಹೆಚ್ಚು ಅನ್ನುವುದು ವೈದ್ಯರ ಲೆಕ್ಕ. ಎರಡೂ ಒಂದಕ್ಕೊಂದು ಎದುರಾದಾಗ ಭಾಷಣ ಕೆಲಸ ಮಾಡುವುದಿಲ್ಲ. ಹತ್ತಿರದಲ್ಲಿ ಸುರಕ್ಷಿತ ಹೆರಿಗೆ ಸಿಗುತ್ತದೆ ಅನ್ನುವ ನಂಬಿಕೆ ಹುಟ್ಟಬೇಕು. 108 ಆಂಬುಲೆನ್ಸ್ ಊರ ಬಾಗಿಲಿಗೆ ಬರುವ ದಿನಗಳಲ್ಲಿ "ಜಾಸ್ತಿ ಉಣ್ಣಬೇಡ" ಅನ್ನುವ ಅತ್ತೆಯ ದನಿ ತಗ್ಗಿದ್ದರೆ ಅದರಲ್ಲಿ ಪೋಸ್ಟರುಗಳಿಗಿಂತ ಆಸ್ಪತ್ರೆಯ ಪಾಲು ದೊಡ್ಡದು ಅನ್ನುವುದು ನಮ್ಮ ಅನಿಸಿಕೆ.

ಈಗ ಪಕ್ಕದ ತಮಿಳುನಾಡಿಗೆ ಹೋಗೋಣ. ಯಾಕೆಂದರೆ ಹೆಂಗಸರನ್ನು ಹಿಡಿದಿಡುವುದು ಹೇಗೆ ಅನ್ನುವುದನ್ನು ತಲೆಕೆಡಿಸಿಕೊಂಡು ಯೋಚಿಸಿದ ಯೋಜನೆ ನಡೆದದ್ದು ಅಲ್ಲಿ. 1980ರಲ್ಲಿ ವಿಶ್ವಬ್ಯಾಂಕ್ ಸಾಲದಿಂದ ತಮಿಳುನಾಡು ಸಮಗ್ರ ಪೌಷ್ಟಿಕ ಯೋಜನೆ ಶುರುವಾಯಿತು. ಮೊದಲು ಪರೀಕ್ಷೆಗೆ ಆರಿಸಿಕೊಂಡದ್ದು ಮಧುರೈ ಜಿಲ್ಲೆಯ ಕೊಟ್ಟಾಂಪಟ್ಟಿ. ಎಲ್ಲರಿಗೂ ಎಲ್ಲ ದಿನವೂ ಊಟ ಹಾಕುವ ಯೋಜನೆಯಾಗಿರಲಿಲ್ಲ ಅದು. ಆರು ತಿಂಗಳಿಂದ ಮೂರು ವರ್ಷದವರೆಗಿನ ಪ್ರತಿ ಮಗುವನ್ನೂ ತಿಂಗಳಿಗೊಮ್ಮೆ ತೂಗಬೇಕು. ತೂಕ ಏರುತ್ತಿಲ್ಲ ಅಂತ ಕಂಡರೆ ಆ ಮಗುವಿಗೆ ಮಾತ್ರ 90 ದಿನ ಉಂಡೆ. ಏರಿತೋ, ಉಂಡೆ ನಿಲ್ಲುತ್ತದೆ. ತೂಕ ಕಡಿಮೆ ಇರುವ ಕೂಸು ಹುಟ್ಟುವ ಅಪಾಯವಿರುವ ಬಸುರಿಯರಿಗೂ, ಕೆಲವು ಬಾಣಂತಿಯರಿಗೂ ಅದೇ ಉಂಡೆ.

ಮೇಲ್ನೋಟಕ್ಕೆ ಇದು ಜಿಪುಣತನ ಅನಿಸುತ್ತದೆ. ಒಂದು ಮಗುವಿಗೆ ಕೊಟ್ಟು ಪಕ್ಕದ ಮಗುವಿಗೆ ಕೊಡದಿದ್ದರೆ ಊರಲ್ಲಿ ಜಗಳವಾಗದೆ ಇರುತ್ತದೆಯೇ? ಅದಕ್ಕೇ ಅವರು ಉಂಡೆಯನ್ನು ತಿಂಡಿ ಅನ್ನದೆ ಔಷಧಿ ಅಂದರು. ಪಕ್ಕದ ಮನೆಯ ಮಗುವಿಗೆ ಜ್ವರದ ಔಷಧಿ ಕೊಟ್ಟರೆ ನಮ್ಮ ಮಗುವಿಗೂ ಕೊಡಿ ಅಂತ ಯಾರೂ ಕೇಳುವುದಿಲ್ಲವಲ್ಲ.

ಅದಕ್ಕಿಂತ ಮುಖ್ಯವಾದದ್ದು ತಕ್ಕಡಿ. ಹಸಿವು ಕಾಣುತ್ತದೆ, ಆದರೆ ಬೆಳವಣಿಗೆ ನಿಂತದ್ದು ತಾಯಿಯ ಕಣ್ಣಿಗೆ ಕಾಣುವುದಿಲ್ಲ. ಊರಿನ ಮಕ್ಕಳೆಲ್ಲ ಹಾಗೇ ಸಣಕಲಾಗಿದ್ದರೆ ತನ್ನ ಮಗುವೂ ಸರಿಯಾಗಿದೆ ಅನಿಸುತ್ತದೆ. ತೂಕದ ಪಟ್ಟಿಯಲ್ಲಿ ಗೆರೆ ಏರಿದ್ದು, ಇಳಿದದ್ದು ಓದು ಬಾರದ ತಾಯಿಗೂ ಕಾಣುತ್ತದೆ. ಮೂರು ತಿಂಗಳ ಉಂಡೆಯ ಬಳಿಕ ಗೆರೆ ಮೇಲೆ ಹೋದದ್ದನ್ನು ನೋಡಿದ ತಾಯಿಗೆ "ಇದು ನನ್ನ ಕೈಯಲ್ಲಿ ಆಯಿತು" ಅನಿಸುತ್ತದೆ. ಮುಂದಿನ ತಿಂಗಳು ತೂಗಿಸಲು ಅವಳನ್ನು ಕರೆಯಬೇಕಾಗಿಲ್ಲ. ನಮ್ಮ ಅಂಗನವಾಡಿಗಳಲ್ಲೂ ತಕ್ಕಡಿ ಇದೆ, ಪಟ್ಟಿ ಇದೆ. ಆದರೆ ಎಷ್ಟೋ ಕಡೆ ಆ ಪಟ್ಟಿ ರಿಜಿಸ್ಟರ್ ತುಂಬಿಸಲಿಕ್ಕೆ ಇದೆ, ಈಗ ಮೊಬೈಲ್ ಆಪ್ ತುಂಬಿಸಲಿಕ್ಕೆ. ತಾಯಿಗೆ ತೋರಿಸಿ ಎರಡು ಮಾತಾಡಲಿಕ್ಕೆ ಕಾರ್ಯಕರ್ತೆಗೆ ಹೊತ್ತು ಉಳಿಯುವುದಿಲ್ಲ.

ತಮಿಳುನಾಡಿನವರು ಕಾರ್ಯಕರ್ತೆಯರನ್ನು ಆರಿಸಿದ ರೀತಿಯೂ ಕೇಳುವಂಥದ್ದು. ಅದೇ ಊರಿನವಳಾಗಿರಬೇಕು, ತಾನೂ ತಾಯಿಯಾಗಿದ್ದರೆ ಒಳ್ಳೆಯದು, ಬಡವಳಾಗಿದ್ದೂ ತನ್ನ ಮಕ್ಕಳನ್ನು ಚೆನ್ನಾಗಿ ಬೆಳೆಸಿದವಳಾದರೆ ಇನ್ನೂ ಒಳ್ಳೆಯದು. "ನಿನಗೇನಮ್ಮ, ಸಂಬಳ ಬರುತ್ತೆ, ಹೇಳ್ತೀಯ" ಅಂತ ಯಾರೂ ಅವಳ ಬಾಯಿ ಮುಚ್ಚಿಸಲಾರರು. ತನ್ನ ಮನೆಯ ಗಂಜಿಯಲ್ಲೇ ಅವಳು ಮಾಡಿ ತೋರಿಸಿದ್ದಾಳೆ. ಅವಳ ಸುತ್ತ ಹೆಂಗಸರ ಗುಂಪುಗಳು ಕಟ್ಟಿಕೊಂಡವು. ಧಾನ್ಯ, ಬೇಳೆಕಾಳು, ಬೆಲ್ಲ ಸೇರಿಸಿ ಉಂಡೆ ಕಟ್ಟುವ ಕೆಲಸವನ್ನು ಹಲವು ಕಡೆ ಆ ಗುಂಪುಗಳೇ ಮಾಡಿದವು. ಉಂಡೆ ಕಟ್ಟಿದವರಿಗೆ ನಾಲ್ಕು ಕಾಸು ಬಂತು, ತಿಂದವರಿಗೆ ಅದರಲ್ಲಿ ಏನಿದೆ ಅನ್ನುವ ಅನುಮಾನ ಹೋಯಿತು.

ಇಷ್ಟೇ ದೊಡ್ಡ ಪಾಠ ಮಹಾರಾಷ್ಟ್ರದ ಜಾಮ್ಖೇಡದಲ್ಲೂ ಸಿಗುತ್ತದೆ. ರಜನಿಕಾಂತ್ ಆರೋಳೆ, ಮೇಬಲ್ ಆರೋಳೆ ಎಂಬ ವೈದ್ಯ ದಂಪತಿ 1970ರಲ್ಲಿ ಆ ಬರಗಾಲದ ಸೀಮೆಗೆ ಬಂದರು. 1979ರಲ್ಲಿ ಇಬ್ಬರಿಗೂ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಮೊದಲು ತರಬೇತಾದ ನರ್ಸುಗಳನ್ನು ಹಳ್ಳಿಗೆ ಕಳಿಸಿ ನೋಡಿದರು, ಒಗ್ಗಲಿಲ್ಲ. ಆಮೇಲೆ ಆಯಾ ಊರಿನ ಹೆಂಗಸರನ್ನೇ, ಅದರಲ್ಲೂ ಅಕ್ಷರ ಬಾರದವರನ್ನು, ದಲಿತರನ್ನು ಕರೆದು ಕಲಿಸಿದರು. ತರಬೇತಿಗೆ ಬಂದವರು ಜಾತಿ ನೋಡದೆ ಒಟ್ಟಿಗೆ ಅಡುಗೆ ಮಾಡಿ ಒಟ್ಟಿಗೆ ಉಣ್ಣಬೇಕಿತ್ತು. ಇದನ್ನು ಓದುವ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಅಡುಗೆ ಮಾಡುವವಳು ಯಾರು, ಅಂಗನವಾಡಿ ಇರುವುದು ಯಾರ ಕೇರಿಯಲ್ಲಿ ಅನ್ನುವುದರ ಮೇಲೆ ಯಾರು ಬರುತ್ತಾರೆ, ಯಾರು ಮನೆಯಲ್ಲೇ ಉಳಿಯುತ್ತಾರೆ ಅನ್ನುವುದು ನಮ್ಮ ಊರುಗಳಲ್ಲಿ ಇಂದಿಗೂ ಎಷ್ಟೋ ಕಡೆ ತೀರ್ಮಾನವಾಗುತ್ತದೆ. ಸರ್ಕಾರಿ ವರದಿಗಳಲ್ಲಿ ಇದು "ಹಾಜರಾತಿ ಕೊರತೆ" ಅಂತಷ್ಟೇ ಬರುತ್ತದೆ.

ಪೊಟ್ಟಣಗಳ ಕಾಲದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎನರ್ಜಿ ಫುಡ್ ಅಂತ ಮೂಟೆ ಬರುತ್ತಿತ್ತು, ಅದನ್ನು ಮನೆಗೆ ಒಯ್ದು ಎಲ್ಲರೂ ಹಂಚಿಕೊಂಡು ತಿನ್ನುತ್ತಿದ್ದರು. ರುಚಿ ಹಿಡಿಸದಿದ್ದರೆ ಎಮ್ಮೆಗೂ ಹೋಗುತ್ತಿತ್ತು ಅನ್ನುವುದು ಹಳ್ಳಿಗಳಲ್ಲಿ ಗುಟ್ಟೇನಲ್ಲ. 2004ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು ಅಂಗನವಾಡಿ ಆಹಾರಕ್ಕೆ ಗುತ್ತಿಗೆದಾರರು ಬೇಡ, ಊರಿನ ಸಮುದಾಯ, ಸ್ವಸಹಾಯ ಸಂಘ, ಮಹಿಳಾ ಮಂಡಳಿಗಳಿಗೆ ಆದ್ಯತೆ ಕೊಡಿ ಅಂತ ಹೇಳಿತು. ಕೇರಳದ ಕುಟುಂಬಶ್ರೀ ಹೆಂಗಸರು ಇದನ್ನು ಚೆನ್ನಾಗಿ ಮಾಡಿ ತೋರಿಸಿದರು. ಗೋಧಿ, ಕಡಲೆ, ಸೋಯಾ, ಶೇಂಗಾ, ಸಕ್ಕರೆಯ ಅವರ ಅಮೃತಂ ಪುಡಿ ಮೊದಲು ತಯಾರಾದದ್ದು ಕನ್ನಡಿಗರು ಇರುವ ಕಾಸರಗೋಡಿನಲ್ಲೇ, 2006ರಲ್ಲಿ.

ದುಡ್ಡು ಕೊಟ್ಟರೆ ಬರುತ್ತಾರಲ್ಲ ಅನ್ನುವವರಿದ್ದಾರೆ. ಬರುತ್ತಾರೆ, ಸುಳ್ಳಲ್ಲ. 2006ರಲ್ಲಿ ಬಂದ ಭಾಗ್ಯಲಕ್ಷ್ಮಿ ಬಾಂಡಿಗೆ ಮಗುವನ್ನು ಅಂಗನವಾಡಿಯಲ್ಲಿ ನೋಂದಾಯಿಸಬೇಕು, ಚುಚ್ಚುಮದ್ದು ಹಾಕಿಸಬೇಕು ಅನ್ನುವ ಷರತ್ತಿತ್ತು. ಕೇಂದ್ರದ ಮಾತೃ ವಂದನಾ 2017ರಲ್ಲಿ 5000 ರೂಪಾಯಿಯನ್ನು ಮೂರು ಕಂತಿನಲ್ಲಿ ಕೊಡಲು ಶುರು ಮಾಡಿತು. ಇವುಗಳಿಂದ ಹೆಸರು ಬರೆಸುವವರ ಸಂಖ್ಯೆ ಏರುತ್ತದೆ. ಆದರೆ ಹೆಸರು ಬರೆಸುವುದು ಬೇರೆ, ದಿನಾ ಬಂದು ಉಣ್ಣುವುದು ಬೇರೆ. ಕಂತಿನ ದುಡ್ಡು ಆಧಾರ್, ಬ್ಯಾಂಕ್ ಖಾತೆ ಅಂತ ಅಲೆದಾಡಿಸಿದರೆ ಸಿಟ್ಟು ಬರುವುದು ಅಂಗನವಾಡಿ ಟೀಚರ್ ಮೇಲೆ. ಆ ಸಿಟ್ಟಿಗೆ ಊಟವೂ ಬಿಡುತ್ತಾರೆ.

ಇದಕ್ಕಿಂತ ಹೆಚ್ಚು ಹಿಡಿದಿಟ್ಟದ್ದು ಸಂಘ. 2000ದಲ್ಲಿ ಸ್ತ್ರೀಶಕ್ತಿ ಗುಂಪುಗಳು ಬಂದಾಗ ಅವನ್ನು ಕಟ್ಟಿಸಿದವರು ಅಂಗನವಾಡಿ ಕಾರ್ಯಕರ್ತೆಯರೇ. ವಾರಕ್ಕೊಮ್ಮೆ ಉಳಿತಾಯದ ದುಡ್ಡು ಕಟ್ಟಲು ಹೊರಟವಳನ್ನು ಗಂಡನೂ ತಡೆಯುವುದಿಲ್ಲ, ಅತ್ತೆಯೂ ತಡೆಯುವುದಿಲ್ಲ. ಹೋದ ಕಡೆ ನಾಲ್ಕು ಜನ ಸಿಗುತ್ತಾರೆ, ಮಗುವಿನ ಮಾತು, ಮನೆಯ ಮಾತು. ಮನೆ, ಹೊಲ, ನೀರಿನ ಕೊಳಾಯಿ ಬಿಟ್ಟರೆ ಹೆಂಗಸಿಗೆ ಕೂತು ಮಾತಾಡಲು ಊರಲ್ಲಿ ಇನ್ನೆಲ್ಲಿ ಜಾಗ ಇದೆ? ಗಂಡಸರಿಗೆ ಅರಳಿಕಟ್ಟೆ ಇದೆ, ಚಹಾದ ಅಂಗಡಿ ಇದೆ.

ಮಾತೃಪೂರ್ಣದ ಗುಟ್ಟೂ ಅಲ್ಲೇ ಇದೆ, ಸಂಕಟವೂ ಅಲ್ಲೇ ಇದೆ. ರೇಷನ್ ಮನೆಗೆ ಕೊಟ್ಟರೆ ಅದು ಎಲ್ಲರ ಹೊಟ್ಟೆಗೆ ಹಂಚಿಹೋಗುತ್ತದೆ, ಬಸುರಿಗೆ ಕೊನೆಯ ತುತ್ತು. ಅಂಗನವಾಡಿಯಲ್ಲೇ ಉಂಡರೆ ಅವಳ ಮೊಟ್ಟೆ ಅವಳಿಗೇ. ಈ ಯೋಚನೆ ನಮ್ಮದೇ ಅಲ್ಲ. ಆಂಧ್ರದಲ್ಲಿ 2013ರಿಂದ ಅಮೃತ ಹಸ್ತಂ, ತೆಲಂಗಾಣದಲ್ಲಿ 2015ರಿಂದ ಆರೋಗ್ಯ ಲಕ್ಷ್ಮಿ ಇದೇ ದಾರಿ ಹಿಡಿದಿದ್ದವು. 2013ರ ಆಹಾರ ಭದ್ರತಾ ಕಾಯ್ದೆ ಕೂಡ ಬಸುರಿತನದಲ್ಲಿ, ಹೆರಿಗೆಯಾದ ಮೇಲೆ ಆರು ತಿಂಗಳವರೆಗೆ ಅಂಗನವಾಡಿಯ ಮೂಲಕ ಉಚಿತ ಊಟವನ್ನು ಹಕ್ಕು ಅಂತ ಬರೆದಿದೆ.

ಆದರೆ ಮಲೆನಾಡಿನಲ್ಲಿ ಒಂದು ಮನೆಯಿಂದ ಇನ್ನೊಂದಕ್ಕೆ ಗುಡ್ಡ ಇಳಿದು ಹತ್ತಬೇಕು. ಕಾಫಿ ತೋಟದ ಲೈನ್ ಮನೆಯವಳು ಮಧ್ಯಾಹ್ನ ತೋಟ ಬಿಟ್ಟು ಬಂದರೆ ಅರ್ಧ ದಿನದ ಕೂಲಿ ಹೋಗುತ್ತದೆ. ಬಯಲುಸೀಮೆಯಲ್ಲಿ ಬಿಸಿಲು. ಒಂದು ಊಟಕ್ಕಾಗಿ ತುಂಬಿದ ಹೊಟ್ಟೆ ಹೊತ್ತು ಎರಡು ಮೈಲಿ ನಡೆದರೆ ತಿಂದದ್ದು ಕರಗಿಹೋಗುತ್ತದೆ ಅಂತ ಹೆಂಗಸರು ನಗುತ್ತಲೇ ಹೇಳುತ್ತಾರೆ, ಆ ಲೆಕ್ಕ ತಪ್ಪಲ್ಲ. ಅನುಕೂಲಸ್ಥ ಮನೆಯವರಿಗೆ ಇನ್ನೊಂದು ತೊಡಕು: "ನಮ್ಮ ಮನೆಯಲ್ಲಿ ಅನ್ನಕ್ಕೆ ಗತಿಯಿಲ್ಲವೇ? ಸೊಸೆಯನ್ನು ಸರ್ಕಾರದ ಊಟಕ್ಕೆ ಕಳಿಸಿದರೆ ಜನ ಏನಂದಾರು?" ಈ ಮಾನದ ಪ್ರಶ್ನೆ ಬಿಡಿಸಲು ಸೀಮಂತ ಒಳ್ಳೆಯ ಉಪಾಯವಾಯಿತು. 2018ರಲ್ಲಿ ಪೋಷಣ್ ಅಭಿಯಾನ ಬಂದ ಮೇಲೆ ಅಂಗನವಾಡಿಗಳಲ್ಲಿ ಸೀಮಂತ ಮಾಡುವುದು ಹೆಚ್ಚಾಯಿತು. ಹಸಿರು ಬಳೆ, ಅರಿಶಿನ ಕುಂಕುಮ, ಹೂವು, ಎಲ್ಲರ ಎದುರು ಆರತಿ. ಅತ್ತೆಯನ್ನೂ ಕರೆಯುತ್ತಾರೆ, ಅವಳೂ ಸೆರಗು ಸರಿಮಾಡಿಕೊಂಡು ಬರುತ್ತಾಳೆ. ಅಂದಿನಿಂದ ಅದು ಬಡವರ ಊಟ ಅನ್ನಿಸುವುದು ಕಡಿಮೆಯಾಗುತ್ತದೆ, ಬಸುರಿಯ ಊಟ ಆಗುತ್ತದೆ. ನಮ್ಮ ಲೆಕ್ಕದಲ್ಲಿ ಈ ಒಂದು ಮಧ್ಯಾಹ್ನ ಹತ್ತು ತಿಳಿವಳಿಕೆ ಶಿಬಿರಕ್ಕೆ ಸಮ.

ಬಾಣಂತಿಯದ್ದು ಇನ್ನೂ ಬಿಡಿಸದ ಗಂಟು. ಹಸಿ ಮೈಯವಳು ಹೊಸಿಲು ದಾಟಬಾರದು, ತಲೆಗೆ ಗಾಳಿ ತಾಗಬಾರದು. ಬದನೆ ನಂಜು, ಆಲೂಗಡ್ಡೆ ವಾಯು. ಅಂಗನವಾಡಿಯ ಸಾಂಬಾರಿನಲ್ಲಿ ಬಹಳ ದಿನ ಇರುವುದು ಅವೇ. ಮನೆಯಲ್ಲಿ ಅವಳಿಗೆ ಮೆಣಸಿನ ಸಾರು, ಬೆಳ್ಳುಳ್ಳಿ, ಉತ್ತರ ಕರ್ನಾಟಕದಲ್ಲಾದರೆ ಅಳವಿ ಪಾಯಸ, ಅಂಟಿನ ಉಂಡೆ. ತುಪ್ಪ, ಕೊಬ್ಬರಿ, ಬೆಲ್ಲದ ಅಂಟಿನ ಉಂಡೆ ಯಾವ ಪೌಷ್ಟಿಕ ಆಹಾರಕ್ಕೆ ಕಡಿಮೆ? ಆದರೆ ಅದು ಉಳ್ಳವರ ಮನೆಯ ಮಾತು. ಇಲ್ಲದವರ ಮನೆಯಲ್ಲಿ ಪಥ್ಯ ಮಾತ್ರ ಉಳಿದು ಉಂಡೆ ಇರುವುದಿಲ್ಲ. ಕೆಲವು ಊರುಗಳಲ್ಲಿ ಸಹಾಯಕಿಯೇ ಡಬ್ಬಿಯಲ್ಲಿ ಊಟ ತಂದು ಮನೆಗೆ ಮುಟ್ಟಿಸುತ್ತಾಳೆ, ನಿಯಮ ಏನೇ ಇರಲಿ. 2020ರಲ್ಲಿ ಕೊರೋನಾ ಬಂದು ಅಂಗನವಾಡಿ ಮುಚ್ಚಿದಾಗ ಎಲ್ಲರಿಗೂ ರೇಷನ್ ಮನೆಗೇ ಹೋಯಿತು. ಮತ್ತೆ ಬಾಗಿಲು ತೆರೆದಾಗ "ಮನೆಗೇ ಕೊಡಿ" ಅಂದವರಲ್ಲಿ ಬಾಣಂತಿಯರ ಮನೆಯವರೂ ಇದ್ದರು, ಕೂಲಿಯವರೂ ಇದ್ದರು. "ಬೇಡ, ಇಲ್ಲೇ ಬಂದು ಉಣ್ಣುತ್ತೇವೆ" ಅಂದವರು ಹೆಚ್ಚಾಗಿ ಅಂಗನವಾಡಿಯ ಪಕ್ಕದ ಓಣಿಯ, ಜೊತೆಗೆ ಇನ್ನಿಬ್ಬರು ಬಸುರಿಯರಿದ್ದ ಸೊಸೆಯಂದಿರು.

ಚೊಚ್ಚಲ ಬಸುರಿ ಏಳನೇ ತಿಂಗಳಿಗೋ ಒಂಬತ್ತಕ್ಕೋ ತವರಿಗೆ ಹೋಗುತ್ತಾಳೆ, ಮೂರು ತಿಂಗಳೋ ಐದು ತಿಂಗಳೋ ಕಳೆದು ಮಗುವಿನೊಂದಿಗೆ ಗಂಡನ ಮನೆಗೆ ಬರುತ್ತಾಳೆ. ಕಾಯ್ದೆ ಅವಳಿಗೆ ಕೊಟ್ಟ ಹಕ್ಕಿನ ದಿನಗಳಲ್ಲಿ ದೊಡ್ಡ ಪಾಲು ಕಳೆಯುವುದು ಬೇರೆ ತಾಲೂಕಿನ, ಬೇರೆ ಪಟ್ಟಿಯ, ಅವಳ ಮುಖವೇ ಪರಿಚಯವಿಲ್ಲದ ಅಂಗನವಾಡಿಯ ಊರಿನಲ್ಲಿ. ತವರಿಗೆ ಹೊರಡುವಾಗ ಬಳೆ, ಸೀರೆ, ಹೋಳಿಗೆ ಕಟ್ಟಿಕೊಡುತ್ತೇವೆ. ತಾಯಿ ಕಾರ್ಡನ್ನೂ ಅದೇ ಚೀಲದಲ್ಲಿಟ್ಟು, ಹೋದ ವಾರದಲ್ಲೇ ಅಲ್ಲಿನ ಟೀಚರಿಗೆ ತೋರಿಸು ಅಂತ ಹೇಳಿ ಕಳಿಸುವ ಅತ್ತೆಯಂದಿರು ಈಗ ಕೆಲವರಿದ್ದಾರೆ.